ಹೆತ್ತದ್ದಲ್ಲ, ಮರಿ ಹಾಕಿದ್ದು

ಫೆಬ್ರವರಿ ೨, ೨೦೦೭, ಶುಕ್ರವಾರ

ಫೌಸ್ಟಿನ್ ಹೇಳುತ್ತಿರುವುದು ನಡೆದದ್ದಲ್ಲ. ಅವನು ಶಿರ್ವ ಪೇಟೆಯಲ್ಲಿ ಹೇಳಿದ್ದು, ಇಗರ್ಜಿಯ ಮೆಟ್ಟಿಲಿನ ಮೇಲೆ ಹೇಳಿದ್ದು, ಈಗ ಕುವೈತಿಗೆ ಫೋನು ಮಾಡಿ ನನ್ನ ತಮ್ಮ ಸಿರಿಲನಿಗೂ ಹೇಳಿದ್ದು ಇದು: “ಆಶ್ಲಿಗೆ ಪುಣೆಯಲ್ಲಿ ಹೆರಿಗೆಯಾಗಿದೆ, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ.” ಈ ವಾಕ್ಯದಲ್ಲಿ ಸರಿಯಾಗಿರುವುದು ಪುಣೆ ಎಂಬ ಊರಿನ ಹೆಸರು ಮತ್ತು ಕ್ಷೇಮ ಎಂಬ ಶಬ್ದ ಮಾತ್ರ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆದಿಡುತ್ತೇನೆ. ಯಾರೂ ಓದಬೇಕಾಗಿಲ್ಲ, ನನ್ನ ತಲೆಯಲ್ಲಿ ಕ್ರಮ ತಪ್ಪದಿದ್ದರೆ ಸಾಕು.

ಆಶ್ಲಿ ಸಿರಿಲನ ಒಬ್ಬಳೇ ಮಗಳು. ತಾಯಿ ತೀರಿಕೊಂಡಾಗ ನಾಲ್ಕನೆಯ ತರಗತಿಯಲ್ಲಿದ್ದಳು. ಅಂದಿನಿಂದ ಈ ಮನೆಯಲ್ಲಿ ನನ್ನ ಕೈಕೆಳಗೆ ಬೆಳೆದವಳು. ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದು ಮಣಿಪಾಲದ ಒಂದು ಲ್ಯಾಬಿನಲ್ಲಿ ಗೌರವದ ಕೆಲಸದಲ್ಲಿದ್ದಳು. ಕಳೆದ ವರ್ಷ ಅದನ್ನು ಬಿಟ್ಟು, ರೇಸಿನ ಕುದುರೆಗಳನ್ನು ಬೆಳೆಸುವ ಪುಣೆ ಕಡೆಯ ಒಂದು ಫಾರ್ಮಿಗೆ ತರಬೇತಿಗೆ ಹೋದಳು. ಐರ್ಲೆಂಡಿನ ಒಂದು ಕಾಲೇಜಿನಲ್ಲಿ ಅಶ್ವವಿಜ್ಞಾನವೆಂಬ ಎರಡು ವರ್ಷದ ಓದು ಉಂಟಂತೆ. ಕುದುರೆಗಳು ಮರಿ ಹಾಕುವ ಕಾಲ ಜನವರಿಯಿಂದ ಮೇ ತಿಂಗಳವರೆಗೆ; ಆ ಕಾಲವನ್ನು ಫಾರ್ಮೊಂದರಲ್ಲಿ ಪೂರ್ತಿ ದುಡಿದು ಬಂದವರಿಗೆ ಮಾತ್ರ ಅಲ್ಲಿ ಪ್ರವೇಶ. ಓದು ಮುಗಿದರೆ ದೊಡ್ಡ ಫಾರ್ಮುಗಳಲ್ಲಿ ತಳಿಯ ಜವಾಬ್ದಾರಿಯ ಕೆಲಸ ಸಿಗುತ್ತದೆ ಎನ್ನುತ್ತಾಳೆ. ಜೂಜಿನ ಪ್ರಾಣಿಗೆ ದಾದಿಯಾಗಲು ಇಷ್ಟು ಓದಬೇಕೇ ಎಂದು ಅವಳು ಹೊರಡುವ ದಿನವೇ ನಾನು ಕೇಳಿದ್ದೆ. ಈಗಲೂ ಅದೇ ನನ್ನ ಅಭಿಪ್ರಾಯ.

ಕಳೆದ ಆದಿತ್ಯವಾರ ನಡೆದದ್ದು: ರಸ್ತೆ ಅಗಲ ಮಾಡುವವರು ಕೇಬಲ್ ಕಡಿದದ್ದರಿಂದ ನನ್ನ ಫೋನು ಸತ್ತಿತ್ತು. ಆಶ್ಲಿ ಪಕ್ಕದ ಫೌಸ್ಟಿನ್ನನ ಮನೆಗೆ ಫೋನು ಮಾಡಿದಳು. ಫೌಸ್ಟಿನ್ ನನ್ನ ಚಿಕ್ಕಪ್ಪನ ಮಗ. ಅವರೆಲ್ಲ ಇಗರ್ಜಿಯ ಪೂಜೆಗೆ ಹೋಗಿದ್ದರು. ಫೋನು ಎತ್ತಿದವಳು ಮನೆಕೆಲಸದ ಅಂಬವ್ವ, ಬಾಗಲಕೋಟೆ ಕಡೆಯವಳು. ಅವಳಿಗೆ ಕೊಂಕಣಿ ಬಾರದು. ಆದ್ದರಿಂದ ಆಶ್ಲಿ ಕನ್ನಡದಲ್ಲಿ ಹೇಳಿದ ಮಾತು, ಆಮೇಲೆ ಅವಳನ್ನೇ ಕೇಳಿ ಖಚಿತಪಡಿಸಿಕೊಂಡದ್ದು, ಇಂತಿದೆ: “ನನ್ನ ಮೊದಲ ಹೆರಿಗೆ ಆಯ್ತು ಅಂತ ಆಕಯ್‌ಗೆ ಹೇಳಿ. ಹೆಣ್ಣು. ಇಬ್ಬರೂ ಆರಾಮ.” ಆಕಯ್ ಎಂದರೆ ಸೋದರತ್ತೆ, ಅಂದರೆ ನಾನು, ಸಿಸಿಲಿಯಾ.

ಅಂಬವ್ವ ಮೊದಲು ಪೂಜೆಯಿಂದ ಮರಳಿದವರಿಗೆಲ್ಲ ಹೇಳಿ, ಅನಂತರ ನನ್ನಲ್ಲಿಗೆ ಓಡಿಬಂದಳು.

“ಅಕ್ಕೋರ, ಮೊದ್ಲ ಸಕ್ರಿ ಕೊಡ್ರಿ!”

“ಯಾಕೆ?”

“ನಿಮ್ಮ ಹುಡುಗಿದು ಹೆರಿಗಿ ಆತಂತ್ರಿ. ಹೆಣ್ಣಂತ. ತಾನ ಫೋನ್ ಮಾಡಿದ್ಳು, ಏನ್ ಖುಷಿ ಇದ್ಳು ಅಂತೀರಿ! ಅಳಿಯಾರು ಯಾವೂರವ್ರು ಅಕ್ಕೋರ? ಮದುವಿಗೆ ನಮ್ಮನ್ನ ಕರೀಲೇ ಇಲ್ಲಲ್ರಿ.”

ನಾನು ಕುರ್ಚಿಯಲ್ಲಿ ಕುಳಿತೆ. ಬೆಳಗಿನಿಂದ ಮೊಣಕಾಲು ನೋಯುತ್ತಿತ್ತು.

ಫೆಬ್ರವರಿ ೩, ಶನಿವಾರ

ಅಂಬವ್ವ ಓಡಿಬಂದ ದಿನವೇ ಪೇಟೆಯ ಬೂತಿನಿಂದ ಆಶ್ಲಿಗೆ ಫೋನು ಮಾಡಿದ್ದೆ. ಆ ಸಂಭಾಷಣೆಯನ್ನೂ ಬರೆದಿಡುವುದು ಒಳ್ಳೆಯದು.

ಹೆಣ್ಣು ಕುದುರೆಯೊಂದು ಮುಂಜಾವದಲ್ಲಿ ಮರಿ ಹಾಕಿತ್ತು. ಮರಿಯ ಒಂದು ಮುಂಗಾಲು ಮಡಚಿಕೊಂಡಿತ್ತಂತೆ. ಡಾಕ್ಟರು ಬರುವ ತನಕ ಕಾಯಲು ಸಮಯವಿರಲಿಲ್ಲ. ಕಾಲನ್ನು ನೆಟ್ಟಗೆ ಮಾಡಿ ಎಳೆದವಳು ಆಶ್ಲಿ. ಅವಳು ಸ್ವತಃ ಮಾಡಿಸಿದ ಮೊದಲನೆಯದು.

“ನಿನಗೆ ಮರಿ ಎಂಬ ಶಬ್ದ ಗೊತ್ತಿಲ್ಲವೇ?” ಎಂದು ಕೇಳಿದೆ.

“ಮರಿ ಅಂದ್ರೆ ನಾಯಿದು ಅಲ್ವಾ ಆಕಯ್?”

“ಕುದುರೆಗೂ ಅದೇ. ಹಸುವಿಗೆ ಕರು. ಹೆರುವುದು ಮನುಷ್ಯರು ಮಾತ್ರ. ಪ್ರಾಣಿ ಗಬ್ಬವಾಗುತ್ತದೆ, ಈಯುತ್ತದೆ, ಮರಿ ಹಾಕುತ್ತದೆ. ‘ನನ್ನ ಹೆರಿಗೆ’ ಎಂದರೆ ನೀನೇ ಹೆತ್ತೆ ಎಂದಾಗುತ್ತದೆ. ಷಷ್ಠೀ ವಿಭಕ್ತಿಯನ್ನು ಹೀಗೆ ಎಲ್ಲೆಂದರಲ್ಲಿ ಇಡಬಾರದು.”

“ಡಿಸೆಂಬರ್‌ನಲ್ಲಿ ನಾನು ಡೆಲಿವರಿ ಅಂದದ್ದಕ್ಕೆ ನೀವೇ ಬೈದದ್ದು. ಇಂಗ್ಲಿಷ್ ಎಂತಕ್ಕೆ, ಹೆರಿಗೆ ಅಂತ ಹೇಳು ಅಂತ.”

ಹೇಳಿರಬಹುದು. ಯಾರ ಡೆಲಿವರಿ ಎಂದು ಅವಳು ಆಗ ಸ್ಪಷ್ಟಪಡಿಸಿರಲಿಲ್ಲ.

ಅವಳು ತುಂಬ ನಕ್ಕಳು. ಥರೋಬ್ರೆಡ್ ಎಂಬ ರೇಸಿನ ತಳಿಗೂ ಕನ್ನಡ ಶಬ್ದ ಉಂಟೇ ಎಂದು ಕೇಳಿದಳು. ಜಾತ್ಯಶ್ವ ಎಂದೆ. “ಬೇಡ ಆಕಯ್, ತಹಶೀಲ್ದಾರರ ಸರ್ಟಿಫಿಕೇಟ್ ಕೇಳ್ತಾರೆ,” ಎಂದು ಇನ್ನೂ ನಕ್ಕಳು. ಅನಂತರ ಕೇಳಿದಳು:

“ಊರಿನವರು ನಂಬಿದ್ರಾ?”

“ನಂಬಿದ್ದಾರೆ.”

“ನೀವು?”

ಬೂತಿನ ಮೀಟರು ಓಡುತ್ತಿತ್ತು. ಫೋನು ಇಟ್ಟೆ.

ಫೆಬ್ರವರಿ ೧೧, ಆದಿತ್ಯವಾರ

ತಿದ್ದಿದಷ್ಟೂ ಕೆಡುತ್ತಿದೆ. ಇಂದು ಪೂಜೆಯ ಬಳಿಕ ಕೆಮ್ಮಣ್ಣು ಊರಿನಿಂದ ಬಂದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಬಾಣಂತಿಗೆ ಹಚ್ಚುವ ಎಣ್ಣೆಯ ಶೀಶೆಯನ್ನು ನನ್ನ ಚೀಲದೊಳಗೆ ತುರುಕಿದರು. “ಮೇಡಂ, ಅದು ಕುದುರೆ,” ಎಂದೆ. ಅವರು ನನ್ನ ಕೈಯನ್ನು ಒತ್ತಿ, “ಹೌದು ಟೀಚರ್, ಕುದುರೆಯೇ. ನಾನು ಯಾರಲ್ಲಿಯೂ ಬೇರೆ ಹೇಳುವುದಿಲ್ಲ,” ಎಂದರು. ಅವರ ಕಣ್ಣಿನಲ್ಲಿ ನೀರಿತ್ತು.

ಮೂವತ್ತಕ್ಕೂ ಹೆಚ್ಚು ವರ್ಷ ಈ ಊರಿನ ಮಕ್ಕಳಿಗೆ ನಾನು ಕನ್ನಡ ಪಾಠ ಹೇಳಿದ್ದೇನೆ. ದಾರಿಯಲ್ಲಿ ಕಂಡರೆ ಸೈಕಲ್ಲಿನಿಂದ ಇಳಿಯುತ್ತಿದ್ದವರು ಇಂದು ಸೈಕಲ್ಲಿನ ಮೇಲೆಯೇ ಕುಳಿತು “ಹೇಗಿದ್ದೀರಿ ಟೀಚರ್” ಎಂದರು. ದನಿಯಲ್ಲಿ ಕರುಣೆ ಇತ್ತು. ಕರುಣೆಯನ್ನು ನಾನು ಯಾರಿಂದಲೂ ಬೇಡಿರಲಿಲ್ಲ.

ಫೆಬ್ರವರಿ ೧೩, ಮಂಗಳವಾರ

ಫೋನು ಸರಿಯಾಯಿತು. ಸರಿಯಾದ ಸ್ವಲ್ಪ ಹೊತ್ತಿನಲ್ಲೇ ಸಿರಿಲ್.

“ಬಾಯಿ, ನಿನ್ನ ಮೇಲೆ ಬಿಟ್ಟು ಬಂದಿದ್ದೆ ನಾನು.” ಅಕ್ಕನಾದ ನನ್ನನ್ನು ಅವನು ಬಾಯಿ ಎನ್ನುತ್ತಾನೆ.

“ಅದು ಕುದುರೆ, ಸಿರಿಲ್.”

“ನನಗೆ ಗೊತ್ತುಂಟು ಕುದುರೆ ಅಂತ. ಅದೇ ದೊಡ್ಡ ಸಂಕಟ. ಹುಡುಗಿ ತಪ್ಪು ಮಾಡಿದಳು ಅಂದ್ರೆ ಜನ ಒಂದು ದಿನ ಮರೀತಾರೆ. ಪ್ರಾಣಿಯ ಹೊಟ್ಟೆಗೆ ತೋಳು ಹಾಕಿ ಎಳೀತಾಳೆ ಅಂತ ಯಾವ ಮನೆಯವರಿಗೆ ಹೇಳುವುದು? ಕುದುರೆ ಲಾಯದ ಗಂಡಸರ ನಡುವೆ ಮಲಗಿ ಏಳ್ತಾಳೆ ಅಂತ? ಕರೆಸು ಅವಳನ್ನು. ಬರದಿದ್ದರೆ ಅವಳಿಗೆ ಅಪ್ಪ ಇಲ್ಲ ಅಂತ ಹೇಳು.”

ಮಲಗಿ ಏಳುವುದು ಹಾಸ್ಟೆಲಿನಲ್ಲಿ, ಇನ್ನಿಬ್ಬರು ಹುಡುಗಿಯರೊಂದಿಗೆ ಎಂದೆ. ಅವನು ಇಟ್ಟುಬಿಟ್ಟಿದ್ದ.

ಆಶ್ಲಿಗೆ ಹೇಳಿದೆ: ಎರಡು ವಾರ ರಜೆ ಪಡೆದು ಬಂದು, ಪೇಟೆಯಲ್ಲಿ ನಾಲ್ಕು ಸಲ ನಡೆದು ಹೋಗು, ಜನರ ಬಾಯಿ ತಾನಾಗಿ ಮುಚ್ಚುತ್ತದೆ. ಈ ಸಲಹೆ ಸರಿಯಾದದ್ದೇ. “ಈಗ ಬಂದ್ರೆ ಸೀಸನ್ ಮಧ್ಯೆ ಆಗ್ತದೆ ಆಕಯ್,” ಎಂದಳು. “ಎರಡೇ ವಾರ,” ಎಂದೆ.

ಫೆಬ್ರವರಿ ೨೪, ಶನಿವಾರ

ಫೌಸ್ಟಿನ್ ನಗುತ್ತ ಬಂದ. ಮುಂಬಯಿಯಿಂದ ನಿವೃತ್ತನಾಗಿ ಬಂದಮೇಲೆ ಅವನು ಹೆಣ್ಣು ಗಂಡು ಕೂಡಿಸುವ ರಾಯ್ಬಾರಿ ಕೆಲಸ ಮಾಡುತ್ತಾನೆ. ಒಂದು ಸುದ್ದಿಯನ್ನು ಕೆಡಿಸಿದರೆ ಇನ್ನೊಂದರಿಂದ ಸರಿಪಡಿಸುವುದು ಆ ಕಸುಬಿನ ಅಭ್ಯಾಸ.

“ಎಲ್ಲ ಸರಿ ಮಾಡಿ ಆಯ್ತು ಬಾಯಿ. ಆಶ್ಲಿ ಪುಣೆಯಲ್ಲಿ ಹೆರಿಗೆ ಆಸ್ಪತ್ರೆಯಲ್ಲಿ ಟ್ರೈನಿಂಗ್. ಅವಳ ಮೊದಲ ಹೆರಿಗೆ ಅಂದ್ರೆ ಅವಳು ಮಾಡಿಸಿದ ಮೊದಲ ಹೆರಿಗೆ. ಹೇಗೆ? ವ್ಯಾಕರಣ ಸರಿ ಉಂಟಲ್ಲ?”

ವ್ಯಾಕರಣ ಸರಿ ಇತ್ತು. ಹಾಗೆಂದು ಹೇಳಿದೆ.

“ಸಿರಿಲನಿಗೂ ಖುಷಿ. ಕಾರ್ಕಳದ ಒಂದು ಮನೆಯವರು ಈಗಲೇ ಕೇಳ್ತಿದ್ದಾರೆ. ಹುಡುಗ ಮಸ್ಕತ್‌ನಲ್ಲಿ. ನರ್ಸಿಂಗ್ ಕಡೆಯ ಹುಡುಗಿ ಅಂದ್ರೆ ಗಲ್ಫ್‌ನವರಿಗೆ ಜೀವ, ಮಾರಾಯ್ತಿ.”

ಸಂಜೆ ಪೇಟೆಯಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ಸೈಕಲ್ಲಿನಿಂದ ಇಳಿದ.

ಮಾರ್ಚ್ ೪, ಆದಿತ್ಯವಾರ

ಆಶ್ಲಿ ಬಂದಳು. ಕಪ್ಪಾಗಿದ್ದಾಳೆ. ಎಡಗೈಯ ಹೆಬ್ಬೆರಳಿನಲ್ಲಿ ಒಣಗಿದ ಗಾಯ. ಬಟ್ಟೆಗಳನ್ನು ಎರಡು ಸಲ ಒಗೆಸಿದರೂ ಒಣಹುಲ್ಲಿನ ವಾಸನೆ ಹೋಗಲಿಲ್ಲ. ಹೆರಿಗೆ ಆಸ್ಪತ್ರೆಯ ವಿಷಯ ಕೇಳಿ ಅವಳು ನನ್ನ ಮುಖ ನೋಡಿದಳು. “ನೀವು ಇದಕ್ಕೆ ಒಪ್ಪಿದ್ರಾ?” ನಾನು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ ಎಂದೆ. ಎರಡಕ್ಕೂ ವ್ಯತ್ಯಾಸವಿದೆ.

ಮಾರ್ಚ್ ೧೯, ಸೋಮವಾರ

ರಜೆ ಮುಗಿಯುವ ಹಿಂದಿನ ದಿನ ಸಿರಿಲ್ ಹೇಳದೆ ಬಂದಿಳಿದ. ಮಗಳಿಗೆ ಕೈಗಡಿಯಾರ, ನನಗೆ ಬಾದಾಮಿ. ಊಟವಾದ ಮೇಲೆ, “ಪಾಸ್‌ಪೋರ್ಟ್ ತೋರಿಸು, ಅವಧಿ ಎಷ್ಟು ಉಂಟು ನೋಡುವ,” ಎಂದ. ಅವಳು ತಂದುಕೊಟ್ಟಳು. ಅವನು ನೋಡಿದ, ತನ್ನ ಸೂಟ್‌ಕೇಸಿನಲ್ಲಿಟ್ಟು ಬೀಗ ಹಾಕಿದ, ಕೀಲಿಯನ್ನು ಕೊರಳಿನ ಶಿಲುಬೆಯ ಸರಕ್ಕೆ ಸಿಕ್ಕಿಸಿಕೊಂಡ.

“ಪಪ್ಪಾ, ನಾಳೆ ನನಗೆ ಬಸ್ಸು.”

“ಬಸ್ಸು ಇಲ್ಲ. ಹೋದರೆ ಪಾಸ್‌ಪೋರ್ಟ್ ಇಲ್ಲ, ಐರ್ಲೆಂಡೂ ಇಲ್ಲ.”

ಅವಳು ಕೂಗಾಡಲಿಲ್ಲ. ತಟ್ಟೆಗಳನ್ನು ತೊಳೆದಿಟ್ಟು ಒಳಗೆ ಹೋದಳು. ನಾನು ಸಿರಿಲನಿಗೆ ಏನಾದರೂ ಹೇಳಬೇಕಿತ್ತೇನೋ. ತಂದೆ ಮಗಳ ನಡುವೆ ಮೂರನೆಯವರು ಮಾತಾಡುವುದು ಸಭ್ಯತೆಯಲ್ಲ.

ಮಾರ್ಚ್ ೨೮, ಬುಧವಾರ

ಮಧ್ಯಾಹ್ನದ ನಿದ್ದೆ ತಪ್ಪುತ್ತಿದೆ. ಆಶ್ಲಿ ದಪ್ಪ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ತಾನು ಹೇಳುವುದು ಸರಿಯೇ ನೋಡಿ ಎನ್ನುತ್ತಾಳೆ. ಹೋಗುವುದೇ ಖಚಿತವಿಲ್ಲದಾಗ ಓದುವುದೇಕೆ ಎಂದರೆ, “ಓದದಿದ್ರೆ ಹೋಗೋದಿಲ್ಲ ಅಂತ ನಾನೇ ಒಪ್ಪಿದ ಹಾಗೆ ಆಗ್ತದೆ,” ಎಂದಳು. ಒಪ್ಪಿಸುವ ಪಾಠವನ್ನು ಕೇಳುವುದು ನನಗೆ ಹೊಸದಲ್ಲ.

ಕುದುರೆಗೆ ಪಿತ್ತಕೋಶವಿಲ್ಲ. ಅದು ವಾಂತಿ ಮಾಡಲಾರದು; ಆದ್ದರಿಂದ ಹೊಟ್ಟೆನೋವು ಅದಕ್ಕೆ ಮೃತ್ಯುಸಮಾನ. ಹುಟ್ಟಿದ ಮರಿ ಬೇಗನೆ ಎದ್ದು ನಿಂತು ಗಿಣ್ಣುಹಾಲು ಕುಡಿಯಬೇಕು; ರೋಗ ತಡೆಯುವ ಶಕ್ತಿಯೆಲ್ಲ ಅದರಿಂದಲೇ, ತಾಯಿಯ ಹೊಟ್ಟೆಯೊಳಗೆ ಬಂದಿರುವುದಿಲ್ಲ. ಮಾಸು ಪೂರ್ತಿಯಾಗಿ ಬಿದ್ದಿದೆಯೇ ಎಂದು ನೆಲದ ಮೇಲೆ ಹರಡಿ ನೋಡಬೇಕು. ಒಂದು ತುಣುಕು ಒಳಗುಳಿದರೂ ತಾಯಿ ಕುಂಟತೊಡಗುತ್ತಾಳೆ, ಸಾಯಲೂಬಹುದು. ಇದರಲ್ಲಿ ಅವಳು ಎರಡು ಕಡೆ ತಪ್ಪಿದಳು. ಮತ್ತೆ ಓದಿಕೊಂಡು ಬರಲು ಹೇಳಿದೆ.

ಏಪ್ರಿಲ್ ೩, ಮಂಗಳವಾರ

ಕಾರ್ಕಳದವರು ಬರುವ ದಿನಕ್ಕೆ ರವಿಕೆ ಹೊಲಿಸಲು ಕಾಪುವಿನ ದರ್ಜಿಯಲ್ಲಿಗೆ ಹೋಗಿದ್ದೆವು. ಅಳತೆ ಕೊಟ್ಟಾದ ಮೇಲೆ ಆಶ್ಲಿ ಸಮುದ್ರ ನೋಡಿ ಹೋಗುವ ಎಂದಳು. ದೀಪಸ್ತಂಭದ ಬಂಡೆಯ ಕೆಳಗೆ ಒಬ್ಬ ಕುದುರೆಯನ್ನು ಹಿಡಿದು ನಿಂತಿದ್ದ. ಮಕ್ಕಳನ್ನು ಕೂರಿಸಿ ತಿರುಗಿಸುವವನು. ಹೆಸರು ಕಲ್ಲಯ್ಯ, ಗದಗದ ಕಡೆಯವನು. ಕುದುರೆ ಮುಂದಿನ ಒಂದು ಕಾಲನ್ನು ನೆಲಕ್ಕೆ ತಾಗಿಯೂ ತಾಗದಂತೆ ಇಟ್ಟುಕೊಂಡಿತ್ತು.

“ಕಾಲ ಊರವಲ್ದು ನೋಡ್ರಿ. ಭುಜಾ ಹಿಡ್ಕೊಂಡೈತಿ. ಎಣ್ಣಿ ಹಚ್ಚಿ ತಿಕ್ಕಾಕತ್ತೀನಿ.”

“ಭುಜ ಅಲ್ಲ, ಗೊರಸು,” ಎಂದಳು ಆಶ್ಲಿ. ನನ್ನ ಕೈಯಲ್ಲಿ ಚೀಲವನ್ನಿಟ್ಟು, ಬೆನ್ನು ಕುದುರೆಯ ತಲೆಯ ಕಡೆಗೆ ಮಾಡಿ ಬಗ್ಗಿದಳು. ಕಾಲು ಅವಳ ಮೊಣಕಾಲುಗಳ ನಡುವೆ ಬಂತು. ಗೊರಸನ್ನು ಅಂಗೈಯಿಂದ ಮುಟ್ಟಿ, ಎರಡನೆಯದನ್ನೂ ಮುಟ್ಟಿ ಹೋಲಿಸಿದಳು. ಕಲ್ಲಯ್ಯನಿಂದ ಇಕ್ಕುಳ ಕೇಳಿ ಅಂಚಿನ ಸುತ್ತ ಮೆಲ್ಲಗೆ ಅದುಮುತ್ತ ಬಂದಳು. ಒಂದು ಕಡೆ ಅದುಮಿದಾಗ ಕುದುರೆ ಬೆಚ್ಚಿ ಹಿಂದೆ ಸರಿಯಿತು.

“ಇಲ್ಲಿ ಕೀವು ಕಟ್ಟಿದೆ. ಬಿಸಿನೀರು ಉಪ್ಪು ಬೇಕು.”

ಚಹದಂಗಡಿಯಿಂದ ಬಕೆಟ್ಟು ಬಂತು. ಯಾರಾದರೂ ಹಗ್ಗ ಹಿಡಿದುಕೊಳ್ಳಬೇಕಿತ್ತು. ಕಲ್ಲಯ್ಯ ಬಕೆಟ್ಟು ಹಿಡಿದಿದ್ದ, ರಿಕ್ಷಾ ಸಿಗುವಂತಿರಲಿಲ್ಲ, ಆದ್ದರಿಂದ ನಾನು ಹಿಡಿದೆ. ಅಷ್ಟು ದೊಡ್ಡ ತಲೆ ನನ್ನ ಹೆಗಲಿನ ಬಳಿ ಉಸಿರಾಡುತ್ತಿತ್ತು. ಸೀರೆಯ ಅಂಚು ಉಪ್ಪುನೀರಿನಲ್ಲಿ ನೆನೆಯಿತು.

“ಇವನು ರೇಸಿಗೆ ಓಡಿದವನು ಆಕಯ್,” ಎಂದಳು ಆಶ್ಲಿ, ಹೆಗಲಿನ ಮೇಲಿದ್ದ ಹಳೆಯ ಬರೆಯನ್ನು ಸವರುತ್ತ. “ಇದು ಹುಟ್ಟಿದ ವರ್ಷ. ಹುಟ್ಟಿದಾಗ ಅಪ್ಪನ ಹೆಸರು, ಅಮ್ಮನ ಹೆಸರು, ಅಜ್ಜಂದಿರ ಹೆಸರು, ಎಲ್ಲ ಬರೆದಿಡ್ತಾರೆ. ಓಟ ಮುಗಿದ ಮೇಲೆ ಎಲ್ಲಿಗೆ ಹೋದ ಅಂತ ಯಾರೂ ಬರೆಯೋದಿಲ್ಲ.”

“ಓಡಿದ್ನಂತ?” ಕಲ್ಲಯ್ಯ ನಕ್ಕ. “ನನ್ನ ಕೈಯಾಗ ನಡಿಯಾಕ ಬ್ಯಾಸರಾ ಮಾಡ್ಕೋತಾನ್ರಿ ಮಗ.”

ನಾಳೆಯೇ ಪಶುವೈದ್ಯರನ್ನು ಕರೆಸು, ಧನುರ್ವಾತದ ಇಂಜೆಕ್ಷನ್ ಹಾಕಿಸು, ಕೀವು ಇಳಿದು ಕಾಲು ಊರುವ ತನಕ ಮಕ್ಕಳನ್ನು ಕೂರಿಸಬೇಡ ಎಂದು ಆಶ್ಲಿ ಅವನಿಗೆ ಮೂರು ಸಲ ಹೇಳಿದಳು. ಅವಳು ಕನ್ನಡದಲ್ಲಿ ಇಷ್ಟು ಹೊತ್ತು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ತಪ್ಪುಗಳಿದ್ದವು. ಒಂದೆರಡನ್ನು ಲೆಕ್ಕಿಸಿದೆ, ಆಮೇಲೆ ಬಿಟ್ಟುಹೋಯಿತು.

ಅವನು ನಮ್ಮನ್ನೇ ನೋಡುತ್ತ ನಿಂತಿದ್ದ. ಕಲ್ಲಯ್ಯನಲ್ಲ, ಕುದುರೆ.

ಏಪ್ರಿಲ್ ೧೩, ಶುಕ್ರವಾರ

ಫಾರ್ಮಿನ ಮ್ಯಾನೇಜರು ಫೋನು ಮಾಡಿದ್ದರು. ಈ ತಿಂಗಳು ಮುಗಿಯುವುದರೊಳಗೆ ಮರಳಿದರೆ, ಉಳಿದ ಕುದುರೆಗಳು ಮರಿ ಹಾಕುವ ತನಕ ಇದ್ದರೆ, ಋತು ಪೂರ್ಣವಾಯಿತೆಂದು ಕಾಲೇಜಿಗೆ ಬರೆದುಕೊಡುತ್ತಾರೆ. ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ, ಐರ್ಲೆಂಡೂ ಇಲ್ಲ. ಆಶ್ಲಿ ಇದನ್ನು ತಂದೆಗೆ ಹೇಳಿದಾಗ ಅವನು ಟಿವಿಯ ಧ್ವನಿಯನ್ನು ಹೆಚ್ಚಿಸಿದ. ಕಾರ್ಕಳದವರು ಇಪ್ಪತ್ತೆರಡಕ್ಕೆ ಬರುವುದು ನಿಶ್ಚಯ.

“ಒಂದು ಮಾತು ನೀವು ಹೇಳಿ ಆಕಯ್,” ಎಂದಳು ಆಮೇಲೆ ಅಡುಗೆಮನೆಯಲ್ಲಿ. “ನಿಮ್ಮ ಮಾತು ಪಪ್ಪಾ ತೆಗೆದುಹಾಕೋದಿಲ್ಲ.”

ಯೋಚಿಸುತ್ತೇನೆ ಎಂದೆ.

ಏಪ್ರಿಲ್ ೧೭, ಮಂಗಳವಾರ

ಯೋಚಿಸಿದೆ. ಏನೂ ಹೇಳಲಿಲ್ಲ. ಪೇಟೆಯಲ್ಲಿ ಎಲ್ಲರೂ ಆಸ್ಪತ್ರೆಯ ವಿಷಯ ವಿಚಾರಿಸುತ್ತಾರೆ, ಗೌರವದಿಂದ.

ಪುಸ್ತಕ ಮೂರು ದಿನದಿಂದ ಮುಚ್ಚಿಯೇ ಇದೆ. ಒಪ್ಪಿಸಲು ಅವಳು ಬರಲಿಲ್ಲ. ನಾನು ಕನ್ನಡಕ ಹಾಕಿಕೊಂಡು ಕಾದಿದ್ದೆ.

ಏಪ್ರಿಲ್ ೨೨, ಆದಿತ್ಯವಾರ

ಸಂಜೆ ಕಾರ್ಕಳದವರು ಬಂದರು: ಹುಡುಗ ಬ್ರ್ಯಾಂಡನ್, ತಾಯಿ ಲೊರ್ನಾ, ತಂದೆ ಕಜೆಟನ್. ಸಭ್ಯ ಜನ. ಫೌಸ್ಟಿನ್ ನಡುವಿನ ಕುರ್ಚಿಯಲ್ಲಿ ಕುಳಿತಿದ್ದ. ಅಂಬವ್ವ ಕೇಕು, ಚಹ ತಂದಿಟ್ಟಳು. ಆಶ್ಲಿ ಹೊಸ ರವಿಕೆ ತೊಟ್ಟು ತಲೆ ತಗ್ಗಿಸಿ ಕುಳಿತಿದ್ದಳು. ಆ ಹುಡುಗಿ ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಕುದುರೆಯ ಗೊರಸಿನ ಮೇಲೆ ಮಾತ್ರ.

“ಹೆರಿಗೆ ಆಸ್ಪತ್ರೆ ಅಂದ್ರೆ ಪುಣ್ಯದ ಕೆಲಸ,” ಎಂದರು ಲೊರ್ನಾ. “ಈಗಿನ ಹುಡುಗಿಯರಿಗೆ ರಕ್ತ ನೋಡಿದ್ರೆ ತಲೆ ತಿರುಗ್ತದೆ. ದಿವಸಕ್ಕೆ ಎಷ್ಟು ಹೆರಿಗೆ ಆಗ್ತದೆ ಮಗಳೇ?”

ಆಶ್ಲಿ ತಂದೆಯನ್ನು ನೋಡಿದಳು. ಸಿರಿಲ್ ಕೇಕನ್ನು ನೋಡಿದ.

“ಕೆಲವು ದಿವಸ ಮೂರು, ಕೆಲವು ದಿವಸ ಒಂದೂ ಇಲ್ಲ,” ಎಂದ ಫೌಸ್ಟಿನ್. “ಸೀಸನ್ ಉಂಟಲ್ಲ.”

“ಹೆರಿಗೆಗೂ ಸೀಸನ್ ಉಂಟಾ?” ಕಜೆಟನ್ ಚಹದ ಕಪ್ಪನ್ನು ಕೆಳಗಿಟ್ಟರು.

“ಪುಣೆಯಲ್ಲಿ ಉಂಟು.”

“ಅಲ್ಲ ಮಾರಾಯ, ಪುಣೆಯಲ್ಲಿ ಹೆಂಗಸರು ಬೇರೆಯಾ?”

“ಹವೆ ಬೇರೆ,” ಎಂದ ಫೌಸ್ಟಿನ್.

ಕಜೆಟನ್ ಅದನ್ನು ನಂಬಿದರೋ, ಬಿಟ್ಟರೋ. “ಒಳ್ಳೆಯದಾಯ್ತು. ಕಾರ್ಕಳದಲ್ಲಿಯೂ ಹೆರಿಗೆ ಆಸ್ಪತ್ರೆ ಉಂಟು. ನನಗೆ ಅಲ್ಲಿನವರ ಗುರ್ತ ಉಂಟು. ಮದುವೆ ಆದ ಮೇಲೆ ಅಲ್ಲಿಯೇ ಸೇರಿಸುವ. ನಾಳೆಯೇ ಮಾತಾಡ್ತೇನೆ.”

“ಆ ಶಬ್ದ ಇಲ್ಲಿ ಸಲ್ಲುವುದಿಲ್ಲ,” ಎಂದೆ.

ಯಾವ ಶಬ್ದ ಎಂದು ಲೊರ್ನಾ ಕೇಳಿದರು.

“ಹೆರಿಗೆ. ಅದು ಮನುಷ್ಯರಿಗೆ. ಕುದುರೆ ಗಬ್ಬವಾಗುತ್ತದೆ, ಮರಿ ಹಾಕುತ್ತದೆ. ಆಶ್ಲಿ ಕೆಲಸ ಮಾಡುವುದು ಆಸ್ಪತ್ರೆಯಲ್ಲಲ್ಲ, ರೇಸ್ ಕುದುರೆ ಬೆಳೆಸುವ ಫಾರ್ಮಿನಲ್ಲಿ. ಮರಿಯ ಕಾಲು ಮಡಚಿಕೊಂಡಿದ್ದಾಗ ತೋಳನ್ನು ಒಳಗೆ ಹಾಕಿ ನೆಟ್ಟಗೆ ಮಾಡಿ ಹೊರಗೆ ಎಳೆದವಳು ಇವಳು. ತಾಯಿಯೂ ಉಳಿದಳು, ಮರಿಯೂ ಉಳಿಯಿತು. ಗಂಡು ಕುದುರೆಯನ್ನು ಹೆಣ್ಣು ಕುದುರೆಗೆ ಕೂಡಿಸುವಾಗಲೂ ಪಕ್ಕದಲ್ಲಿ ನಿಂತು ನೋಡಬೇಕು. ಅದೂ ಪಾಠದ ಭಾಗ. ಐರ್ಲೆಂಡಿನಲ್ಲಿ ಎರಡು ವರ್ಷ ಓದಲಿಕ್ಕಿದೆ. ಜಾಗ ಹಿಡಿದಿಟ್ಟಿದ್ದಾರೆ. ಈ ತಿಂಗಳೊಳಗೆ ಅವಳು ಫಾರ್ಮಿಗೆ ಮರಳಬೇಕು.”

ಸಿರಿಲ್ “ಬಾಯಿ” ಎಂದದ್ದು ಕೇಳಿಸಿತು. ಫೌಸ್ಟಿನ್ ಎದ್ದು ಫ್ಯಾನಿನ ಸ್ವಿಚ್ಚು ಒತ್ತಿದ. ಅದು ಆಗಲೇ ತಿರುಗುತ್ತಿತ್ತು, ನಿಂತಿತು.

“ಕುದುರೆ ನಿಂತುಕೊಂಡು ಹಾಕ್ತದಾ, ಮಲಗಿಯಾ?” ಕೇಳಿದವನು ಬ್ರ್ಯಾಂಡನ್. ಬಂದಾಗಿನಿಂದ ಅವನು ಆಡಿದ ಮೊದಲ ಮಾತು.

“ಬ್ರ್ಯಾಂಡನ್!” ಎಂದರು ತಾಯಿ.

“ಮಲಗಿ,” ಎಂದಳು ಆಶ್ಲಿ. ತಲೆ ಎತ್ತಿದ್ದಳು. “ಜನ ಸುತ್ತ ಇದ್ರೆ ತಡೆದುಕೊಳ್ತದೆ. ಎಲ್ಲರೂ ಹೋಗುವ ತನಕ ಕಾಯ್ತದೆ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಂಬವ್ವ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. “ಅಯ್ಯ ನನ ಶಿವನ, ಅದು ಕುದರಿ ಏನ್ರಿ ಹಂಗಾರ?”

ಲೊರ್ನಾ ಎದ್ದು, “ಕೇಕ್ ಚೆನ್ನಾಗಿತ್ತು ಟೀಚರ್,” ಎಂದರು.

ನಾನು ಯಾರ ಪರವನ್ನೂ ವಹಿಸಲಿಲ್ಲ. ತಪ್ಪು ಪ್ರಯೋಗವನ್ನು ತಿದ್ದಿದೆ, ಅಷ್ಟೆ.

ಏಪ್ರಿಲ್ ೨೩, ಸೋಮವಾರ

ನಿನ್ನೆ ಕಾರ್ಕಳದವರ ಕಾರು ಗೇಟು ದಾಟುವ ತನಕ ಸಿರಿಲ್ ಕಾದಿದ್ದ. ಆಮೇಲೆ ಹೇಳಿದ್ದು: “ಒಂದು ಶಬ್ದಕ್ಕೋಸ್ಕರ ನನ್ನ ಮಗಳ ಬದುಕು ಹಾಳು ಮಾಡಿದೆ.”

“ಪಾಸ್‌ಪೋರ್ಟ್ ಕೊಡು.”

“ಅವಳು ಹೋದರೆ ನಾನು ಈ ಮನೆಗೆ ಕಾಲಿಡುವುದಿಲ್ಲ, ಬಾಯಿ. ಮರಣಕ್ಕೂ ಬರುವುದಿಲ್ಲ.”

ಯಾರ ಮರಣ ಎಂದು ಸ್ಪಷ್ಟಪಡಿಸಲಿಲ್ಲ. “ಕೊಡು,” ಎಂದೆ. ಅವನು ಕೊಡಲಿಲ್ಲ. ಅವನಿಗೆ ನಾನು ಬರೆಯಲು ಕಲಿಸಿದ್ದೆ. ಕೈ ಹಿಡಿದು, ಇದೇ ಜಗಲಿಯಲ್ಲಿ.

ಏಪ್ರಿಲ್ ೨೫, ಬುಧವಾರ

ಬೆಳಗ್ಗೆ ಆಶ್ಲಿಯ ಚಹದ ಲೋಟದ ಪಕ್ಕದಲ್ಲಿ ಪಾಸ್‌ಪೋರ್ಟ್ ಇತ್ತು. ಸಿರಿಲನ ಕೋಣೆ ಖಾಲಿ. ಉಡುಪಿಯಲ್ಲಿ ಒಬ್ಬ ಸ್ನೇಹಿತನ ಮನೆಯಲ್ಲಿದ್ದು, ಮೂವತ್ತಕ್ಕೆ ಕುವೈತಿಗೆ ಹೋಗುತ್ತಾನಂತೆ, ಫೌಸ್ಟಿನ್ ಹೇಳಿದ. ಈ ಒಂದು ವಿಷಯದಲ್ಲಿ ಅವನನ್ನು ನಂಬುತ್ತೇನೆ.

ಪೇಟೆಯಲ್ಲಿ ಈಗ ಯಾರೂ ಏನೂ ಕೇಳುವುದಿಲ್ಲ. ಮೀನಿನವಳು ಕೂಡ ತಕ್ಕಡಿಯನ್ನೇ ನೋಡುತ್ತಾಳೆ.

ಮಧ್ಯಾಹ್ನ ಪಾಠ ಒಪ್ಪಿಸಿಕೊಂಡೆ. ಕಾಲಿನ ಮೂಳೆಗಳಲ್ಲಿ ಒಂದನ್ನು ಬಿಟ್ಟಳು. ಅದು ಯಾವುದೆಂದು ಪುಸ್ತಕ ನೋಡದೆ ಹೇಳಿದೆ.

ಏಪ್ರಿಲ್ ೨೭, ಶುಕ್ರವಾರ

ಪುಣೆಯ ಬಸ್ಸು ಉಡುಪಿಯ ಬನ್ನಂಜೆಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ನಿಲ್ಲುತ್ತದೆ. ಯಾರನ್ನೂ ಕರೆದಿರಲಿಲ್ಲ. ಫೌಸ್ಟಿನ್ ತಾನಾಗಿ ಕಾರು ತಂದ, ಪೆಟ್ಟಿಗೆ ಹೊರುವವರು ಬೇಕಲ್ಲ ಎಂದ. ಅಂಬವ್ವ ಜೋಳದ ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. “ಕುದರಿಗೂ ಒಂದ್ ತುಣುಕ ಹಾಕವ್ವ,” ಎಂದಳು. ಹಾಕಬಾರದು, ಹೊಟ್ಟೆನೋವು ಬರುತ್ತದೆ ಎಂದು ನಾನು ವಿವರಿಸುತ್ತಿರುವಾಗ ಬಸ್ಸು ಬಂತು.

ಆಶ್ಲಿ ನನ್ನ ಎರಡೂ ಕೈ ಹಿಡಿದುಕೊಂಡಳು. “ಮುಂದಿನದಕ್ಕೆ ಫೋನ್ ಮಾಡ್ತೇನೆ. ಮರಿ ಹಾಕ್ತು ಅಂತಲೇ ಹೇಳ್ತೇನೆ.”

ಯಾವ ಶಬ್ದವಾದರೂ ಅಡ್ಡಿಯಿಲ್ಲ, ಫೋನು ಮಾಡು ಎಂದೆ.

ಅವಳ ಸೀಟು ನಮ್ಮ ಬದಿಗಿರಲಿಲ್ಲ. ನಾವು ಕೈ ಎತ್ತಿದೆವು. ಗಾಜಿನಾಚೆ ಅವಳು ನಮಗೆ ಬೆನ್ನು ಮಾಡಿ, ಅತ್ತಕಡೆಯ ಕಿಟಕಿಯಿಂದ ಕೈ ಬೀಸುತ್ತಿದ್ದಳು. ಯಾರಿಗೆ ಬೀಸುತ್ತಾಳೆ ಇವಳು ಎಂದ ಫೌಸ್ಟಿನ್. ಬಸ್ಸು ಹೋದ ಮೇಲೆ ಕಂಡಿತು. ರಸ್ತೆಯ ಆಚೆ, ಔಷಧದಂಗಡಿಯ ನೆರಳಿನಲ್ಲಿ ಸಿರಿಲ್ ನಿಂತಿದ್ದ. ಎತ್ತಿದ ಕೈಯನ್ನು ಇಳಿಸಲು ಮರೆತಿದ್ದ. ನನ್ನನ್ನು ನೋಡಿದ. ದಾಟಿ ಬರಲಿಲ್ಲ. ನಾನೂ ದಾಟಲಿಲ್ಲ, ಲಾರಿಗಳು ಬಹಳ. ಆಮೇಲೆ ಕೈ ಇಳಿಸಿ, ಅವನು ಕಲ್ಸಂಕದ ಕಡೆಗೆ ನಡೆದುಹೋದ.

ರಸ್ತೆಯ ಆಚೆ ಬದಿಯಲ್ಲಿ ನಿಂತವನನ್ನು ಹಾಜರಿದ್ದವನು ಎನ್ನಬಹುದೇ ಎಂದು ಮನೆಗೆ ಬಂದ ಮೇಲೂ ಯೋಚಿಸಿದೆ. ಎನ್ನಬಹುದು.

ಹಾಜರಿದ್ದವರು: ಆಶ್ಲಿ. ಅಂಬವ್ವ. ಫೌಸ್ಟಿನ್. ಸಿಸಿಲಿಯಾ. ಸಿರಿಲ್.